ಮಕ್ಕಳಿದ್ದಾರಾ ಎಂದು ಠಾಣೆಯಲ್ಲೇ ಕೇಳಿ: ಜೈಲಿನಲ್ಲಿರುವವರ ಮಕ್ಕಳ ಪರವಾಗಿ ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಕಾಸರಗೋಡು ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಅಧಿಕಾರಿಗಳಿಗೆ ಮತ್ತು ಕೇರಳದ ಜೈಲು ಇಲಾಖೆಗೆ,

ಮಾನ್ಯರೇ,

ಈ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡಿ ನಿವೃತ್ತಳಾದವಳು ನಾನು. ನನ್ನ ತರಗತಿಯಲ್ಲಿ ಕೂತಿದ್ದ ಕೆಲವು ಮಕ್ಕಳ ಅಪ್ಪಂದಿರು ಜೈಲಿನಲ್ಲಿದ್ದರು. ಒಬ್ಬಳ ಅಮ್ಮನೂ ಇದ್ದರು. ಆ ಮಕ್ಕಳ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಅವರ ಗುರುತು ಸಿಗುವಂಥದ್ದು ಏನನ್ನೂ ಇಲ್ಲಿ ಬರೆಯುವುದಿಲ್ಲ.

ನಿಮ್ಮಲ್ಲಿ ನಾನು ಕೇಳುವುದು ಇಷ್ಟು. ಯಾರನ್ನಾದರೂ ಬಂಧಿಸಿದ ಕೂಡಲೇ ಠಾಣೆಯಲ್ಲಿ ಕೇಳಿ: "ನಿಮಗೆ ಮಕ್ಕಳಿದ್ದಾರಾ? ಈಗ ಅವರ ಹತ್ತಿರ ಯಾರಿದ್ದಾರೆ?" ಉತ್ತರವನ್ನು ಬರೆದುಕೊಳ್ಳಿ. ಅದು ಅದೇ ದಿನ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಲಿ. ಅಲ್ಲಿಂದ ಒಬ್ಬರು ಆ ಮನೆಗೆ ಹೋಗಲಿ. ಹೋದವರಿಗೆ ಆ ಮಗುವಿನ ಭಾಷೆ ಬರುತ್ತಿರಲಿ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಎಷ್ಟೋ ಮನೆಗಳಿಗೆ ಹೋಗಬೇಕಾದರೆ ಕನ್ನಡವೋ ತುಳುವೋ ಬೇಕೇ ಬೇಕು.

ಬಂಧನಕ್ಕೆ ನಮ್ಮಲ್ಲಿ ನಿಯಮಗಳು ಬೇಕಾದಷ್ಟಿವೆ. 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೆಲ್ಲ ಬಿಡಿಸಿ ಹೇಳಿತು. ಬಂಧನದ ಮೆಮೊ ಬರೆಯಬೇಕು, ಸಾಕ್ಷಿಯ ಸಹಿ ಇರಬೇಕು, ಬಂಧುವಿಗೋ ಗೆಳೆಯನಿಗೋ ಸುದ್ದಿ ಮುಟ್ಟಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಈ ಮಾತುಗಳಿವೆ. ಬಂಧಿತನಿಗೆ ಅನ್ಯಾಯ ಆಗಬಾರದು ಅಂತ ಮಾಡಿದ ಒಳ್ಳೆಯ ನಿಯಮಗಳು ಇವು. ಆದರೆ ಇವುಗಳಲ್ಲಿ ಮಗುವಿನ ವಿಷಯ ಎಲ್ಲೂ ಬರುವುದಿಲ್ಲ. ಮನೆಯವರಿಗೆ ತಿಳಿಸಿದರೆ ಕೆಲಸ ಮುಗಿಯಿತು. ಆ ಮನೆಯವರು ಯಾರು ಅಂತ ನೋಡಿದರೆ, ಎಷ್ಟೋ ಸಲ ಕಣ್ಣು ಸರಿ ಕಾಣದ ಅಜ್ಜಿ. ಇಲ್ಲದಿದ್ದರೆ ವಕೀಲರನ್ನು ಹುಡುಕಿಕೊಂಡು, ಜಾಮೀನಿಗೆ ಭೂತೆರಿಗೆ ರಶೀದಿ ಕೊಡುವವರನ್ನು ಹುಡುಕಿಕೊಂಡು ಓಡುತ್ತಿರುವ ಹೆಂಡತಿ. ಆ ಒಂದು ವಾರ ಮಗು ಉಂಡಿತಾ, ನಿದ್ದೆ ಮಾಡಿತಾ ಅಂತ ನೋಡುವವರು ಯಾರು?

ದೇಶದ ಲೆಕ್ಕದಲ್ಲೂ ಈ ಮಕ್ಕಳಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿ ಪ್ರಕಾರ 2022ರ ಕೊನೆಗೆ ಭಾರತದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತಾಗಿರಲಿಲ್ಲ. ಅಮ್ಮಂದಿರ ಜೊತೆ ಜೈಲಿನ ಒಳಗೇ ಇರುವ ಚಿಕ್ಕ ಮಕ್ಕಳನ್ನು ಆ ವರದಿ ಎಣಿಸುತ್ತದೆ: 1,537 ತಾಯಂದಿರು, 1,764 ಮಕ್ಕಳು. ಹೊರಗೆ ಉಳಿದ ಮಕ್ಕಳಿಗೆ ಅದರಲ್ಲಿ ಒಂದು ಅಂಕಣವೂ ಇಲ್ಲ. ಐದೂಮುಕ್ಕಾಲು ಲಕ್ಷ ಜನರಲ್ಲಿ ಎಷ್ಟು ಮಂದಿಗೆ ಮಕ್ಕಳಿರಬಹುದು ಅಂತ ನೀವೇ ಯೋಚಿಸಿ.

ಒಳಗಿರುವ ಮಕ್ಕಳ ಬಗ್ಗೆ ಸ್ವಲ್ಪವಾದರೂ ಕಾಳಜಿ ಆಗಿದೆ. 2006ರ ಏಪ್ರಿಲ್‌ನಲ್ಲಿ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು. ಆರು ವರ್ಷದ ತನಕ ಮಗು ತಾಯಿಯ ಜೊತೆ ಇರಬಹುದು. ಅದನ್ನು ಕೈದಿಯ ಹಾಗೆ ನೋಡಬಾರದು. ಊಟ, ಬಟ್ಟೆ, ಔಷಧ, ಶಿಕ್ಷಣ ಅದರ ಹಕ್ಕು. ಹೆರಿಗೆಯಾದರೆ ಜನನ ಪತ್ರದಲ್ಲಿ ಹುಟ್ಟಿದ ಜಾಗ ಜೈಲು ಅಂತ ಬರೆಯಬಾರದು. ಈ ಕೊನೆಯ ಮಾತನ್ನು ಓದಿದಾಗಲೆಲ್ಲ ನನಗೆ ಸಮಾಧಾನ ಆಗುತ್ತದೆ. ಬರೀ ಹುಟ್ಟಿದ ಜಾಗದ ಹೆಸರು ಒಂದು ಮಗುವನ್ನು ಎಷ್ಟು ದೂರ ಬೆನ್ನಟ್ಟಬಹುದು ಅಂತ ಆ ನ್ಯಾಯಾಧೀಶರಿಗೆ ಗೊತ್ತಿತ್ತು. ಅಷ್ಟೇ ಕಾಳಜಿ ಹೊರಗಿನ ಮಕ್ಕಳ ಮೇಲೂ ಇರಲಿ ಅಂತ ನಾನು ಕೇಳುತ್ತಿದ್ದೇನೆ.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಏನಾಗುತ್ತದೆ ಅಂತ ಈ ಜಿಲ್ಲೆಗೆ ಯಾರೂ ಕಲಿಸಬೇಕಾಗಿಲ್ಲ. ಗೇರುತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದ ಮಕ್ಕಳ ಅಮ್ಮಂದಿರು ಸಂತ್ರಸ್ತರ ಪಟ್ಟಿಗಾಗಿ ಎಷ್ಟು ವರ್ಷ ಬೀದಿಯಲ್ಲಿ ಕೂತರು. ಎಣ್ಮಕಜೆಯಲ್ಲಿ, ಮುಳಿಯಾರಿನಲ್ಲಿ, ಕಾರಡ್ಕದಲ್ಲಿ ಪೆನ್ಶನ್ ಬಂದದ್ದು, ಚಿಕಿತ್ಸೆ ಸಿಕ್ಕಿದ್ದು ಹೆಸರು ಪಟ್ಟಿಗೆ ಸೇರಿದ ಮೇಲೆಯೇ. ಜೈಲಿನಲ್ಲಿರುವವರ ಮಕ್ಕಳು ಬೀದಿಯಲ್ಲಿ ಕೂರುವುದಿಲ್ಲ. ಅವರ ಪರವಾಗಿ ಅಜ್ಜಿಯೂ ಕೂರುವುದಿಲ್ಲ. ನಾಚಿಕೆ ಅವರನ್ನು ಮನೆಯ ಒಳಗೇ ಕೂರಿಸುತ್ತದೆ. ಹಾಗಾಗಿ ಸರಕಾರವೇ ಹುಡುಕಿಕೊಂಡು ಹೋಗಬೇಕು.

ಈಗ ಆ ಮನೆಗಳ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಡತದಲ್ಲಿ ಇದು ಸಿಗುವುದಿಲ್ಲ.

ಪೊಲೀಸರು ಬೆಳಗಿನ ಜಾವ ಬರುತ್ತಾರೆ. ಆರೋಪಿ ಮನೆಯಲ್ಲೇ ಸಿಗಬೇಕಲ್ಲ. ಬಾಗಿಲು ಬಡಿಯುವ ಸದ್ದಿಗೆ ಮಗುವೂ ಏಳುತ್ತದೆ. ಅಪ್ಪನಿಗೆ ಅಂಗಿ ಹಾಕಿಕೊಳ್ಳಲೂ ಪುರುಸೊತ್ತು ಸಿಗುವುದಿಲ್ಲ. ಅಮ್ಮ ಅಳುತ್ತಾಳೆ. ಕಪಾಟಿನ ಬಟ್ಟೆ ನೆಲಕ್ಕೆ ಬೀಳುತ್ತದೆ. ಆ ಮಗುವಿನ ಲೋಕದಲ್ಲಿ ಅಪ್ಪನಿಗಿಂತ ಗಟ್ಟಿ ಮನುಷ್ಯ ಇನ್ನೊಬ್ಬ ಇರಲಿಲ್ಲ. ಅಂಥ ಅಪ್ಪನನ್ನೇ ಹಿಡಿದುಕೊಂಡು ಹೋಗುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಜೀಪಿನ ಸದ್ದು ಕೇಳಿದರೆ ಆ ಮಗು ಬೆಂಚಿನ ಕೆಳಗೆ ಬಗ್ಗುತ್ತದೆ. ಎರಡನೇ ಕ್ಲಾಸಿನ ಹುಡುಗ ಮತ್ತೆ ಹಾಸಿಗೆ ಒದ್ದೆ ಮಾಡಲು ಶುರು ಮಾಡುತ್ತಾನೆ. ಹೊಟ್ಟೆನೋವು ಅಂತಾನೆ. ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲ ಅಂತಾರೆ. ಮಧ್ಯಾಹ್ನ ಶಾಲೆಯಲ್ಲಿ ಎರಡೆರಡು ಸಲ ಅನ್ನ ಹಾಕಿಸಿಕೊಳ್ಳುವ ಮಕ್ಕಳಿದ್ದಾರೆ. ಒಂದು ತುತ್ತೂ ಇಳಿಯದವರೂ ಇದ್ದಾರೆ. ಕೆಲವರು ಜಗಳಗಂಟರಾಗುತ್ತಾರೆ. ಕೆಲವರು ಅತಿಯಾಗಿ ಒಳ್ಳೆಯವರಾಗಿಬಿಡುತ್ತಾರೆ. ಹೇಳುವ ಮೊದಲೇ ಬೋರ್ಡು ಒರೆಸುತ್ತಾರೆ, ಯಾರ ತಂಟೆಗೂ ಹೋಗುವುದಿಲ್ಲ. ಈ ಎರಡನೆಯ ಗುಂಪಿನ ಮಕ್ಕಳನ್ನು ಯಾರೂ ಕೌನ್ಸೆಲರ್ ಹತ್ತಿರ ಕಳಿಸುವುದಿಲ್ಲ. ನನಗೆ ಅವರದೇ ಚಿಂತೆ ಜಾಸ್ತಿ.

ಬೇರೆ ಊರಿನಲ್ಲಿ ಇಷ್ಟು ಸುಲಭವಾಗಿ ಆಗದ ಒಂದು ವಿಷಯ ನಮ್ಮ ಜಿಲ್ಲೆಯಲ್ಲಿ ಆಗುತ್ತದೆ. ಅಪ್ಪ ಕಾಣಿಸದಿದ್ದರೆ "ಗಲ್ಫಿಗೆ ಹೋಗಿದ್ದಾರೆ" ಅಂದರೆ ಸಾಕು, ಎಲ್ಲರೂ ನಂಬುತ್ತಾರೆ. ಇಲ್ಲಿ ಎಷ್ಟು ಮನೆಗಳಲ್ಲಿ ಅಪ್ಪ ನಿಜವಾಗಿಯೂ ದುಬೈಯಲ್ಲೋ ಸೌದಿಯಲ್ಲೋ ಇದ್ದಾರೆ! ಹಾಗಾಗಿ ಮಗುವಿಗೂ ಅದನ್ನೇ ಹೇಳಿಬಿಡುತ್ತಾರೆ. ಹೇಳಿದ ಅಜ್ಜಿಯನ್ನಾಗಲಿ ಅಮ್ಮನನ್ನಾಗಲಿ ನಾನು ದೂರುವುದಿಲ್ಲ. ಅವರು ಮಗುವನ್ನು ಕಾಪಾಡಲೆಂದೇ ಹಾಗೆ ಹೇಳಿದ್ದು. ಆದರೆ ಪಕ್ಕದ ಬೆಂಚಿನ ಹುಡುಗನ ಅಪ್ಪ ಗಲ್ಫಿನಿಂದ ವಿಡಿಯೋ ಕಾಲ್ ಮಾಡುತ್ತಾನೆ, ಚಾಕಲೇಟು ಕಳಿಸುತ್ತಾನೆ, ಪೆಟ್ಟಿಗೆ ಹೊತ್ತು ರಜೆಯಲ್ಲಿ ಬರುತ್ತಾನೆ. ಈ ಮಗುವಿನ ಅಪ್ಪನ ಫೋನು ಯಾಕೆ ಬರುವುದಿಲ್ಲ? ಮಗು ತಾನೇ ಒಂದು ಉತ್ತರ ಕಟ್ಟಿಕೊಳ್ಳುತ್ತದೆ. ಅಪ್ಪನಿಗೆ ನಾನು ಬೇಡವಾಗಿದ್ದೇನೆ. ಅಥವಾ ನಾನು ಹಠ ಮಾಡಿದ್ದಕ್ಕೆ ಅಪ್ಪ ಹೋಗಿಬಿಟ್ಟರು. ಆರು ವರ್ಷದ ಮಗು ಹೀಗೆ ಯೋಚಿಸುತ್ತದೆ ಅಂತ ದೊಡ್ಡವರಿಗೆ ಹೊಳೆಯುವುದಿಲ್ಲ. ಕೊನೆಗೆ ನಿಜ ಗೊತ್ತಾಗುವುದು ಆಟದ ಬಯಲಿನಲ್ಲಿ, ಜಗಳದ ನಡುವೆ, ಯಾವನೋ ಹುಡುಗನ ಬಾಯಿಂದ. ಆವತ್ತು ಆ ಮಗುವಿಗೆ ಅಪ್ಪನ ಮೇಲಷ್ಟೇ ಅಲ್ಲ, ಸುಳ್ಳು ಹೇಳಿದ ಅಮ್ಮನ ಮೇಲೂ ನಂಬಿಕೆ ಹೋಗುತ್ತದೆ. ಉಳಿದಿದ್ದದ್ದು ಅವಳೊಬ್ಬಳೇ ಅಲ್ವಾ?

ಗಲ್ಫಿನ ಜೈಲುಗಳಲ್ಲೇ ಇರುವ ಅಪ್ಪಂದಿರೂ ಇದ್ದಾರೆ. ಚೆಕ್ಕಿನ ಕೇಸು, ಅಪಘಾತದ ಕೇಸು, ಯಾರೋ ಕೊಟ್ಟ ಪೊಟ್ಟಣ ಒಯ್ದ ಕೇಸು. ಆ ಮನೆಗಳಿಗೆ ಭೇಟಿ ಎಂಬುದೇ ಇಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಪಾಲಿನ್ ಬಾಸ್ ಇಂಥ ಅಗಲಿಕೆಯ ಬಗ್ಗೆ ಬಹಳ ವರ್ಷ ಕೆಲಸ ಮಾಡಿದ್ದಾರೆ. ಯುದ್ಧದಲ್ಲಿ ಕಾಣೆಯಾದವರ ಮನೆಯವರನ್ನು ನೋಡುತ್ತಾ ಅವರು ಗಮನಿಸಿದ್ದು ಏನೆಂದರೆ, ಸತ್ತಿದ್ದಾರೆ ಅಂತಲೂ ಇಲ್ಲ, ಬರುತ್ತಾರೆ ಅಂತಲೂ ಇಲ್ಲ ಅನ್ನುವ ದುಃಖ ಮುಗಿಯುವುದೇ ಇಲ್ಲ. ಜೈಲಿನಲ್ಲಿರುವವರ ಮನೆಯಲ್ಲಿ ಇದೇ ಆಗುತ್ತದೆ. ರಿಮಾಂಡ್ 14 ದಿನ ಅಂತಾರೆ, ಮತ್ತೆ ಮುಂದುವರಿಯುತ್ತದೆ. ಜಾಮೀನು ಸಿಗುತ್ತದೆ ಅಂತಾರೆ, ಸಿಗುವುದಿಲ್ಲ. ಓಣಂಗೆ ಬರುತ್ತಾರೆ, ದೀಪಾವಳಿಗೆ ಬರುತ್ತಾರೆ. ಸಾವು ಆದ ಮನೆಗೆ ಊರೇ ಬರುತ್ತದೆ, ಬೊಜ್ಜದ ಊಟ ಆಗುತ್ತದೆ, ಅತ್ತು ಹಗುರವಾಗಲು ಒಂದು ದಾರಿ ಇರುತ್ತದೆ. ಈ ಮನೆಗೆ ಯಾರೂ ಬರುವುದಿಲ್ಲ. ಬರುತ್ತಿದ್ದವರೂ ನಿಲ್ಲಿಸುತ್ತಾರೆ.

1998ರಲ್ಲಿ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಎಂಬ ವೈದ್ಯರು ಮತ್ತು ಅವರ ತಂಡ ಒಂದು ದೊಡ್ಡ ಅಧ್ಯಯನ ಪ್ರಕಟಿಸಿತು. ಬಾಲ್ಯದ ಕಹಿ ಅನುಭವಗಳು ದೊಡ್ಡವರಾದ ಮೇಲೆ ಆರೋಗ್ಯವನ್ನು ಹೇಗೆ ಕೆಡಿಸುತ್ತವೆ ಅಂತ ಅದು ಸಾವಿರಾರು ಜನರನ್ನು ಕೇಳಿ ನೋಡಿತು. ಮನೆಯಲ್ಲಿ ಯಾರಾದರೂ ಜೈಲಿಗೆ ಹೋಗಿರುವುದನ್ನು ಅವರು ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯಲ್ಲಿ ಕುಡಿತದಂಥ ಅನುಭವಗಳ ಸಾಲಿನಲ್ಲೇ ಇಟ್ಟಿದ್ದಾರೆ. ಇಂಥ ಅನುಭವಗಳು ಒಂದರ ಮೇಲೊಂದು ಸೇರಿದಷ್ಟೂ ಮುಂದೆ ಖಿನ್ನತೆ, ವ್ಯಸನ, ಹೃದ್ರೋಗದ ಅಪಾಯ ಜಾಸ್ತಿ ಅಂತ ಕಂಡುಬಂತು. ಜೈಲು ಒಂಟಿಯಾಗಿ ಬರುವುದು ಕಡಿಮೆ. ಅದರ ಜೊತೆ ಸಾಲ ಬರುತ್ತದೆ, ಮನೆ ಬದಲಾಗುತ್ತದೆ, ಶಾಲೆ ಬದಲಾಗುತ್ತದೆ.

ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಇನ್ನೊಂದು ಅಧ್ಯಯನ. ಲಂಡನ್ನಿನ 411 ಹುಡುಗರನ್ನು ಚಿಕ್ಕಂದಿನಿಂದ ನಡುವಯಸ್ಸಿನ ತನಕ ಗಮನಿಸುತ್ತಾ ಬಂದ ಕೇಂಬ್ರಿಜ್ ಅಧ್ಯಯನ ಅದು. ಅದರ ಮಾಹಿತಿ ಇಟ್ಟುಕೊಂಡು ಜೋಸೆಫ್ ಮರ್ರೆ, ಡೇವಿಡ್ ಫ್ಯಾರಿಂಗ್ಟನ್ 2005ರಲ್ಲಿ ಒಂದು ಹೋಲಿಕೆ ಮಾಡಿದರು. ಹತ್ತು ವರ್ಷ ತುಂಬುವ ಮೊದಲು ಅಪ್ಪನೋ ಅಮ್ಮನೋ ಜೈಲಿಗೆ ಹೋಗಿ ಅಗಲಿದ ಹುಡುಗರು ಒಂದು ಕಡೆ. ಸಾವಿನಿಂದಲೋ ಆಸ್ಪತ್ರೆವಾಸದಿಂದಲೋ ಅಗಲಿದವರು ಇನ್ನೊಂದು ಕಡೆ. ಜೈಲಿನಿಂದ ಅಗಲಿದವರಿಗೇ ಮುಂದೆ ಕಷ್ಟ ಹೆಚ್ಚಾಗಿತ್ತು. ಇಷ್ಟನ್ನೇ ಓದಿದರೆ "ಅಪ್ಪನಂತೆ ಮಗ" ಅಂತ ಊರಿನವರು ಹೇಳುವುದು ಸರಿ ಅನ್ನಿಸಬಹುದು. ಆದರೆ ಎರಡು ವರ್ಷದ ನಂತರ ಅದೇ ಸಂಶೋಧಕರು ಸ್ವೀಡನ್ನಿನ ಒಬ್ಬರ ಜೊತೆ ಸೇರಿ ಅಲ್ಲಿನ ಮಕ್ಕಳನ್ನೂ ನೋಡಿದರು. ತಂದೆ ತಾಯಿಯ ಅಪರಾಧದ ಹಿನ್ನೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಸ್ವೀಡನ್ನಿನಲ್ಲಿ ಜೈಲಿನ ಪರಿಣಾಮ ಬೇರೆಯಾಗಿ ಕಾಣಿಸಲಿಲ್ಲ. ಯಾಕಿರಬಹುದು? ಅಲ್ಲಿ ಶಿಕ್ಷೆಯ ಅವಧಿ ಕಡಿಮೆ, ಕುಟುಂಬದ ಭೇಟಿಗೆ ಜೈಲುಗಳು ಅನುಕೂಲ ಮಾಡಿಕೊಡುತ್ತವೆ, ಸರಕಾರದ ಆಸರೆ ಗಟ್ಟಿ, ಜನರ ಮನೋಭಾವವೂ ಅಷ್ಟು ಕಠಿಣ ಅಲ್ಲ. ಇವು ಕಾರಣ ಆಗಿರಬಹುದು ಅಂತ ಅವರು ಹೇಳಿದರು. ಮಗುವಿನ ಮುಂದಿನ ಬದುಕು ಅಪ್ಪನ ರಕ್ತದಲ್ಲೇ ಬರೆದಿಟ್ಟದ್ದು ಅಂತ ನಾನು ಯಾವತ್ತೂ ನಂಬಿದವಳಲ್ಲ. ಜೈಲು, ಶಾಲೆ, ಪಂಚಾಯತು, ನೆರೆಮನೆ ಆ ಮಗುವಿನ ಜೊತೆ ಹೇಗೆ ನಡೆದುಕೊಳ್ಳುತ್ತವೆ ಅನ್ನುವುದರಲ್ಲಿ ಬಹಳ ಇದೆ. ಅದು ನಮ್ಮ ಕೈಯಲ್ಲೇ ಇದೆ.

ಇನ್ನು ಭಾಷೆಯ ವಿಷಯ. ಕೇರಳದಲ್ಲಿ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆ ಶಾಲೆಗಳಿಗೆ ಕೌನ್ಸೆಲರ್‌ಗಳನ್ನು ಕೊಟ್ಟಿದೆ. ಇದು ಹೆಮ್ಮೆಪಡುವ ವ್ಯವಸ್ಥೆ. ನಾನು ನೋಡಿದ ಕೌನ್ಸೆಲರ್‌ಗಳೆಲ್ಲ ಪ್ರೀತಿಯ ಹುಡುಗಿಯರು. ಆದರೆ ಮಲಯಾಳ ಮಾತ್ರ ಬಲ್ಲ ಕೌನ್ಸೆಲರ್ ಮುಂದೆ ಕೂತ ನಮ್ಮ ಮಗು ಎಲ್ಲದಕ್ಕೂ ತಲೆ ಆಡಿಸುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ನಾಲ್ಕು ಮಾತು ಮಲಯಾಳ. ಸಾಮಾನು ಕೇಳುವಷ್ಟು ಮಲಯಾಳ ಅದಕ್ಕೆ ಬರುತ್ತದೆ. "ರಾತ್ರಿ ಎಚ್ಚರ ಆದರೆ ಅಪ್ಪನ ಕೈಗೆ ಹಗ್ಗ ಕಟ್ಟಿದ್ದು ಕಾಣ್ತದೆ" ಅಂತ ಹೇಳುವಷ್ಟು ಬರುವುದಿಲ್ಲ. ಜೊತೆಗೆ ಬಂದ ಅಕ್ಕನೋ ಚಿಕ್ಕಮ್ಮನೋ ಅನುವಾದ ಮಾಡಿಕೊಡುತ್ತಾರೆ. ಅವರ ಎದುರು ಮಗು ಹೇಳಬಾರದ್ದೇನನ್ನೂ ಹೇಳುವುದಿಲ್ಲ. ಹೀಗೆ ನೋವು ಒಳಗೇ ಉಳಿಯುತ್ತದೆ. ಕಡತದಲ್ಲಿ "ಮಗು ಸಹಕರಿಸಿತು, ಸಮಸ್ಯೆ ಇಲ್ಲ" ಅಂತ ಬರುತ್ತದೆ.

1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರದ ಜೊತೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಆ ಭಾಷೆಯಲ್ಲೇ ಸಿಗಬೇಕು ಎಂದಿದೆ. ಪತ್ರಕ್ಕೇ ಅಷ್ಟು ಹಕ್ಕಿದ್ದರೆ ನಡುಗುತ್ತಿರುವ ಮಗುವಿಗೆ ಎಷ್ಟಿರಬೇಕು? ಇಲ್ಲಿನ ಕನ್ನಡ ಶಾಲೆಗಳಲ್ಲಿ ಓದಿ, ಮನಶ್ಶಾಸ್ತ್ರವೋ ಸಮಾಜಕಾರ್ಯವೋ ಕಲಿತು, ಮಂಗಳೂರಿನಲ್ಲಿ ಕೆಲಸ ಹುಡುಕುತ್ತಿರುವ ಯುವಕ ಯುವತಿಯರು ಬೇಕಾದಷ್ಟಿದ್ದಾರೆ. ಗಡಿ ಪಂಚಾಯತುಗಳ ಕೌನ್ಸೆಲರ್ ಹುದ್ದೆಗೆ ಕನ್ನಡ ಬರಬೇಕು ಅನ್ನುವ ಒಂದು ಸಾಲು ಸೇರಿಸಿ. ಅಷ್ಟು ಮಾಡಿದರೆ ಇವರಲ್ಲಿ ಕೆಲವರು ಊರಿಗೆ ವಾಪಸು ಬರುತ್ತಾರೆ.

ಹಣದ ಸಹಾಯಕ್ಕೂ ಇದೇ ತೊಡಕು. ಕೈದಿಗಳ ಮಕ್ಕಳ ಓದಿಗೆ ಕೇರಳದ ಸಾಮಾಜಿಕ ನ್ಯಾಯ ಇಲಾಖೆಯ ಸಹಾಯಧನ ಇದೆ. ಜಿಲ್ಲಾ ಪ್ರೊಬೇಷನ್ ಕಚೇರಿಯ ಮೂಲಕ ಅರ್ಜಿ ಹಾಕಬೇಕು. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಕಷ್ಟದಲ್ಲಿರುವ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಇದೆ. ಇಂಥದ್ದೊಂದು ಇದೆ ಅಂತ ಪೆರ್ಲದ ಒಳಗಿನ ಗುಡ್ಡದಲ್ಲಿ ಬೀಡಿ ಕಟ್ಟುವ ಅಜ್ಜಿಗೆ ಯಾರು ಹೇಳಬೇಕು? ಒಂದು ಮನೆಯವರಿಗೆ ಅರ್ಜಿ ತುಂಬಿಸಿಕೊಡಲು ನಾನೇ ಕೂತಿದ್ದೆ. ಅರ್ಜಿ ಪೂರ್ತಿ ಮಲಯಾಳದಲ್ಲಿತ್ತು. ಜೈಲಿನಿಂದ ಪ್ರಮಾಣಪತ್ರ ಬೇಕು, ಆದಾಯ ಪತ್ರ ಬೇಕು, ಶಾಲೆಯ ಪತ್ರ ಬೇಕು. ಪ್ರತಿಯೊಂದಕ್ಕೂ ಆ ತಾಯಿ ಹೊಸ ಹೊಸ ಜನರ ಮುಂದೆ "ನನ್ನ ಗಂಡ ಜೈಲಿನಲ್ಲಿದ್ದಾರೆ" ಅಂತ ಹೇಳಬೇಕಿತ್ತು. ಅರ್ಧದಲ್ಲೇ ಬೇಡ ಟೀಚರ್ ಅಂದುಬಿಟ್ಟರು. ಬಂಧನದ ದಿನವೇ ಮಗುವಿನ ಹೆಸರು ರಕ್ಷಣಾ ಘಟಕಕ್ಕೆ ಮುಟ್ಟಿದ್ದರೆ ಈ ಪತ್ರಗಳನ್ನೆಲ್ಲ ಇಲಾಖೆಗಳೇ ತಮ್ಮೊಳಗೆ ತರಿಸಿಕೊಳ್ಳಬಹುದಿತ್ತು.

ಗಡಿಯ ತೊಂದರೆ ಇನ್ನೊಂದಿದೆ. ನಮ್ಮ ಮಕ್ಕಳ ಅಪ್ಪಂದಿರಲ್ಲಿ ಕೆಲವರು ತಲಪಾಡಿಯ ಆಚೆ ಸಿಕ್ಕಿಬಿದ್ದು ಮಂಗಳೂರಿನ ಜೈಲಿನಲ್ಲಿರುತ್ತಾರೆ. ಕೇಸು ಕರ್ನಾಟಕದ್ದು, ಮಗು ಕೇರಳದ್ದು. ಆಗ ಈ ಮಗು ಯಾರ ಹೊಣೆ? ಎರಡೂ ಕಡೆಯವರು ಇನ್ನೊಂದು ಕಡೆಗೆ ಕೈ ತೋರಿಸುತ್ತಾರೆ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಜಿಲ್ಲಾಧಿಕಾರಿಗಳು ಒಂದು ಸಲ ಕೂತು ಮಾತಾಡಿದರೆ ಇದು ಬಗೆಹರಿಯುತ್ತದೆ. ಅಪ್ಪ ಯಾವ ರಾಜ್ಯದ ಜೈಲಿನಲ್ಲೇ ಇರಲಿ, ಮಗು ಇರುವ ಜಿಲ್ಲೆ ಅದನ್ನು ನೋಡಿಕೊಳ್ಳಬೇಕು.

ಜೈಲು ಇಲಾಖೆಗೆ ನನ್ನ ಮಾತು ಭೇಟಿಯ ಬಗ್ಗೆ. ಶಿಕ್ಷೆಯಾದವರು ಹೆಚ್ಚಾಗಿ ಕಣ್ಣೂರಿನ ಸೆಂಟ್ರಲ್ ಜೈಲಿನಲ್ಲಿರುತ್ತಾರೆ. ಎಣ್ಮಕಜೆಯಿಂದ ಒಂದು ಮಗುವನ್ನು ಕರೆದುಕೊಂಡು ಹೋಗಬೇಕಾದರೆ ಮೊದಲ ಬಸ್ಸಿಗೆ ಕಾಸರಗೋಡು, ಅಲ್ಲಿಂದ ರೈಲು, ಕಣ್ಣೂರಿನಲ್ಲಿ ಇಳಿದು ಮತ್ತೆ ಪಳ್ಳಿಕುನ್ನಿಗೆ ಬಸ್ಸು. ಮಗುವಿನ ಒಂದು ದಿನದ ಶಾಲೆ ಹೋಯಿತು, ಅಮ್ಮನ ಒಂದು ದಿನದ ಕೂಲಿ ಹೋಯಿತು. ಇಷ್ಟೆಲ್ಲ ಮಾಡಿ ಹೋದರೆ ಸಿಗುವುದು ಕೆಲವೇ ನಿಮಿಷ. ಅದೂ ಜಾಲರಿಯ ಆಚೆ, ಹತ್ತು ಜನರ ಗಲಾಟೆಯ ನಡುವೆ. ಮಗುವಿಗೆ ಅಪ್ಪನನ್ನು ಮುಟ್ಟಬೇಕು. ಬೇರೇನೂ ಬೇಡ ಅದಕ್ಕೆ. ಮಹಾರಾಷ್ಟ್ರದ ಯೆರವಡಾ ಜೈಲಿನಲ್ಲಿ "ಗಳಾಭೇಟ್" ಅಂತ ಮಾಡಿದ್ದಾರೆ. ಮಕ್ಕಳು ಅಪ್ಪನ ಹತ್ತಿರವೇ ಕೂತು, ಅಪ್ಪಿಕೊಂಡು ಮಾತಾಡಬಹುದು. ನಡುವೆ ಜಾಲರಿ ಇಲ್ಲ. ಅಲ್ಲಿ ಆಗುವುದಾದರೆ ಚೀಮೇನಿಯಲ್ಲಿ ತೆರೆದ ಜೈಲು ನಡೆಸಿ ತೋರಿಸಿದ ಇಲಾಖೆಗೆ ಇದು ಕಷ್ಟದ ಕೆಲಸವೇ? ಮಕ್ಕಳಿಗೆಂದೇ ತಿಂಗಳಿಗೊಂದು ರಜಾ ದಿನದ ಭೇಟಿ ಇಡಿ. ದೂರದವರಿಗೆ ಇ-ಮುಲಾಕಾತ್ ವಿಡಿಯೋ ಭೇಟಿಯನ್ನು ಪಂಚಾಯತು ಕಚೇರಿಯಲ್ಲೋ ಸರಕಾರಿ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದಲ್ಲೋ ಒಂದು ಕೋಣೆಯಲ್ಲಿ ಮಾಡಿಸಿಕೊಡಿ. ಅಲ್ಲಿ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಮಾತ್ರ ಬೇಡ.

ಎಲ್ಲ ಮಗುವಿಗೂ ಭೇಟಿ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಅಪ್ಪನ ಕೈಯಲ್ಲೇ ಅಮ್ಮ ಸತ್ತ ಮನೆಗಳಿವೆ. ಮಗುವಿಗೇ ಹಿಂಸೆ ಕೊಟ್ಟು ಒಳಗೆ ಹೋದವರಿದ್ದಾರೆ. ಅಲ್ಲಿ ಭೇಟಿಗೆ ಒತ್ತಾಯ ಮಾಡುವುದು ಕ್ರೌರ್ಯ. ಅಪ್ಪ ಜೈಲಿಗೆ ಹೋದ ಮೇಲೆ ಮೊದಲ ಸಲ ನೆಮ್ಮದಿಯಿಂದ ನಿದ್ದೆ ಮಾಡಿದ ಮಗುವೂ ಇರುತ್ತದೆ. ಅದಕ್ಕೂ ಒಂದು ಗೊಂದಲ ಇರುತ್ತದೆ, ನಾನು ಖುಷಿ ಪಡುವುದು ತಪ್ಪಾ ಅಂತ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿದೆ. ಅದರ 9ನೇ ವಿಧಿ ಹೇಳುವುದೂ ಇದನ್ನೇ: ಅಗಲಿದ ತಂದೆ ತಾಯಿಯ ಜೊತೆ ಸಂಪರ್ಕ ಮಗುವಿನ ಹಕ್ಕು, ಅದು ಮಗುವಿಗೆ ಕೆಡುಕು ಮಾಡದಿದ್ದರೆ. ಹಾಗಾಗಿ ಯಾರಾದರೂ ಆ ಮಗುವಿನ ಹತ್ತಿರ ಕೂತು, ಅದರ ಭಾಷೆಯಲ್ಲಿ ಕೇಳಬೇಕು. ಎಲ್ಲಿಂದ ಶುರು ಮಾಡಿದರೂ ನಾನು ಮತ್ತೆ ಇಲ್ಲಿಗೇ ಬರುತ್ತೇನೆ.

ಅಪರಾಧಿಗೆ ಶಿಕ್ಷೆ ಬೇಡ ಅಂತ ಈ ಪತ್ರದಲ್ಲಿ ಒಂದು ಮಾತೂ ಇಲ್ಲ. ಅವನಿಂದ ನೊಂದವರ ಮನೆಯಲ್ಲೂ ಮಕ್ಕಳಿದ್ದಾರೆ. ಅವರಿಗೂ ಇದೇ ಕೌನ್ಸೆಲರ್ ಬೇಕು, ಇದೇ ಭಾಷೆಯಲ್ಲಿ ಬೇಕು.

ಪೊಲೀಸ್ ಅಧಿಕಾರಿಗಳೇ, ಇದು ಪೊಲೀಸರ ಕೆಲಸ ಅಲ್ಲ ಅಂತ ನಿಮಗೆ ಅನ್ನಿಸಬಹುದು. ಅಮೆರಿಕದಲ್ಲಿ ಪೊಲೀಸ್ ಮುಖ್ಯಸ್ಥರ ಅಂತರರಾಷ್ಟ್ರೀಯ ಸಂಘವೇ 2014ರಲ್ಲಿ ಇದಕ್ಕೊಂದು ಮಾದರಿ ನೀತಿ ತಂದಿತು. ಬಂಧನಕ್ಕೆ ಹೋಗುವ ಮೊದಲೇ ಮನೆಯಲ್ಲಿ ಮಕ್ಕಳಿದ್ದಾರಾ ಅಂತ ತಿಳಿದುಕೊಳ್ಳಿ, ಸಾಧ್ಯವಿದ್ದರೆ ಅವರು ಶಾಲೆಯಲ್ಲಿರುವ ಹೊತ್ತಿಗೆ ಹೋಗಿ, ಅವರ ಎದುರು ಕೈಕೋಳ ಹಾಕುವುದನ್ನು ತಪ್ಪಿಸಿ ಅಂತ ಅದು ಹೇಳುತ್ತದೆ. ಯಾವ ಹೊಸ ಕಾನೂನೂ ಬೇಡ ಇದಕ್ಕೆ. ನಿಮ್ಮದೊಂದು ಸುತ್ತೋಲೆ ಸಾಕು. ಮನೆ ಮುಂದೆ ನಿಂತು ಬಂಧನದ ವಿಡಿಯೋ ಮಾಡುವವರನ್ನು ದೂರ ಇಡುವುದೂ ನಿಮ್ಮಿಂದ ಆಗುವ ಕೆಲಸ. ಆ ವಿಡಿಯೋ ಸಂಜೆಯೊಳಗೆ ಊರಿನ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿರುತ್ತದೆ. ಮರುದಿನ ಬೆಳಿಗ್ಗೆ ಅದೇ ಮನೆಯ ಅಂಗಳ ದಾಟಿ ಒಂದು ಮಗು ಶಾಲೆಗೆ ಬರಬೇಕು.

ನನ್ನ ಜೊತೆ ಕೆಲಸ ಮಾಡಿದ ಟೀಚರುಗಳೇ, ಮಾಷ್ಟ್ರುಗಳೇ, ನಿಮ್ಮಲ್ಲೂ ಒಂದೆರಡು ಮಾತು. ಹಾಜರಿ ಪುಸ್ತಕಕ್ಕೋ ಸ್ಕಾಲರ್‌ಶಿಪ್ಪಿಗೋ ವಿವರ ಬೇಕಾದಾಗ ತರಗತಿಯಲ್ಲಿ ಎಲ್ಲರ ಎದುರು "ನಿನ್ನ ಅಪ್ಪ ಏನು ಮಾಡ್ತಾರೆ" ಅಂತ ಕೇಳಬೇಡಿ. ಪ್ರವಾಸದ ಒಪ್ಪಿಗೆ ಪತ್ರಕ್ಕೆ ಅಪ್ಪನದ್ದೇ ಸಹಿ ಬೇಕು ಅಂತ ಹಠ ಹಿಡಿಯಬೇಡಿ. ಮನೆಯವರು ಮಗುವಿಗೆ ಏನು ಹೇಳಿದ್ದಾರೆ ಅಂತ ಮೊದಲು ತಿಳಿದುಕೊಳ್ಳಿ. ಏನೂ ಹೇಳದಿದ್ದರೆ, ನಿಜ ಹೇಳಲು ಅವರಿಗೆ ಸಹಾಯ ಮಾಡಿ. ಚಿಕ್ಕ ಮಗುವಿಗೆ ಕೇಸಿನ ವಿವರ ಬೇಡ. ಒಬ್ಬ ತಾಯಿಗೆ ನಾನು ಹೇಳಿಕೊಟ್ಟದ್ದು ಹೀಗೆ: "ಅಪ್ಪ ತಪ್ಪು ಕೆಲಸ ಮಾಡಿದ್ದಾರೆ ಅಂತ ಪೊಲೀಸರು ಹೇಳ್ತಿದ್ದಾರೆ. ಕೋರ್ಟಿನವರು ವಿಚಾರಿಸ್ತಿದ್ದಾರೆ. ಅಲ್ಲಿ ತನಕ ಅಪ್ಪ ಜೈಲಿನಲ್ಲಿ ಇರಬೇಕು. ಅಲ್ಲಿ ಅವರಿಗೆ ಊಟ ಕೊಡ್ತಾರೆ, ಮಲಗಲು ಜಾಗ ಇದೆ. ಇದು ನಿನ್ನಿಂದ ಆದದ್ದಲ್ಲ. ನಾನು ಎಲ್ಲಿಗೂ ಹೋಗುವುದಿಲ್ಲ." ಆ ಮಗು ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಫ್ಯಾನ್ ಇದೆಯಾ?" ಎರಡನೆಯದು, "ನಾನು ಚಿತ್ರ ಬಿಡಿಸಿ ಕಳಿಸಬಹುದಾ?"

ಕಳಿಸಿದರು. ಜೈಲಿನ ಒಬ್ಬ ಸಿಬ್ಬಂದಿ ಅದನ್ನು ಅಪ್ಪನ ಕೈಗೆ ಮುಟ್ಟಿಸಿದರು ಅಂತ ಆಮೇಲೆ ಗೊತ್ತಾಯಿತು. ಆ ಸಿಬ್ಬಂದಿಗೆ ಯಾವ ನಿಯಮವೂ ಹಾಗೆ ಮಾಡು ಅಂದಿರಲಿಲ್ಲ. ಅವರಿಗೆ ಇಲ್ಲಿಂದಲೇ ಕೈ ಮುಗಿಯುತ್ತೇನೆ.

ಮಾನ್ಯ ಜಿಲ್ಲಾಧಿಕಾರಿಗಳೇ, ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲು ಒಂದು ಸಭೆ ಕರೆಯಿರಿ. ಪೊಲೀಸರು, ಜೈಲಿನವರು, ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿ, ಪ್ರೊಬೇಷನ್ ಅಧಿಕಾರಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಕನ್ನಡ ಶಾಲೆಗಳ ಒಂದಿಬ್ಬರು ಟೀಚರುಗಳು ಇರಲಿ. ಅಪ್ಪನೋ ಅಮ್ಮನೋ ಜೈಲಿನಲ್ಲಿದ್ದಾಗ ಬೆಳೆದು ಈಗ ದೊಡ್ಡವರಾದ ಒಬ್ಬಿಬ್ಬರು, ಅವರಿಗೆ ಒಪ್ಪಿಗೆ ಇದ್ದರೆ, ಬಂದು ಮಾತಾಡಲಿ. ಆಗ ಏನು ಬೇಕಿತ್ತು ಅಂತ ನಮಗಿಂತ ಚೆನ್ನಾಗಿ ಅವರು ಹೇಳುತ್ತಾರೆ. ಮಕ್ಕಳ ಬಗ್ಗೆ ಕೇಳಿ ಬರೆದುಕೊಂಡು ಬಂಧನದ ಮೆಮೊದ ಜೊತೆಗೆ ಸೇರಿಸಲು ಬೇಕಾದ ಒಂದು ಹಾಳೆಯನ್ನು ಆವತ್ತೇ ಅಲ್ಲೇ ಬರೆದು ಮುಗಿಸಬಹುದು. ಕನ್ನಡದ ಪ್ರತಿಯನ್ನು ಬರೆದುಕೊಡಲು ನಾನು ಬರುತ್ತೇನೆ. ಗಡಿ ಪಂಚಾಯತುಗಳಿಗೆ ಕನ್ನಡ ಬಲ್ಲ ಕೌನ್ಸೆಲರ್ ಸಿಗುವ ತನಕ, ಕರೆದ ಮನೆಗೆ ಜೊತೆಗೆ ಹೋಗಿ ಮಗುವಿನ ಮಾತನ್ನು ತಿಳಿಸಿಕೊಡಲು ನನ್ನ ಹಾಗೆ ನಿವೃತ್ತರಾದ ಕೆಲವು ಟೀಚರುಗಳು ತಯಾರಿದ್ದೇವೆ. ಇದಕ್ಕೆ ಸಂಬಳ ಬೇಡ. ಇಲಾಖೆಯ ತರಬೇತಿ ಮತ್ತು ಒಂದು ಗುರುತಿನ ಚೀಟಿ ಕೊಟ್ಟರೆ ಸಾಕು.

ಈ ಪತ್ರಕ್ಕೆ ಉತ್ತರವನ್ನು ಕನ್ನಡದಲ್ಲಿ ನಿರೀಕ್ಷಿಸುತ್ತೇನೆ.

ಇತಿ,
ಗಡಿನಾಡಿನ ಒಬ್ಬ ನಿವೃತ್ತ ಕನ್ನಡ ಶಿಕ್ಷಕಿ
ಕಾಸರಗೋಡು